ಸದ್ದು ಮಾಡದ ತವರ

ಒಳ್ಳೆಯ ತವರದ ಕಂಬಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಅದು ಕಿರುಗುಟ್ಟುತ್ತದೆ. ಹೊಸ ಚಪ್ಪಲಿ ಮೆಟ್ಟಿದವರು ಯಾರೋ ದೂರದಲ್ಲಿ ನಡೆದುಹೋದಂತೆ, ಅಷ್ಟು ಸಣ್ಣ ಸದ್ದು. ಅಗ್ಗದ ಸೀಸ ಬೆರೆಸಿದ ತವರವೂ ಬಾಗುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ಇದನ್ನು ನಾನು ರಸಾಯನಶಾಸ್ತ್ರದ ಪುಸ್ತಕದಲ್ಲಿ ಓದುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಅಪ್ಪನ ಕೈಯಲ್ಲಿ ಕೇಳಿದ್ದೆ. ಅಪ್ಪ ಶಿಕಾರಿಪುರದಲ್ಲಿ ಕಲಾಯಿ ಹಾಕುತ್ತಿದ್ದರು. ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಮೈಗೆ ತವರದ ಲೇಪ ಕೊಡುವುದು ಅವರ ಕಸುಬು. ಲೇಪ ಸವೆದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಏರುತ್ತಿತ್ತಾದ್ದರಿಂದ, ಸ್ಟೀಲಿನ ಪಾತ್ರೆಗಳು ಇನ್ನೂ ಬಾರದಿದ್ದ ಆ ದಿನಗಳಲ್ಲಿ ವರ್ಷಕ್ಕೆ ಎರಡು ಸಲವಾದರೂ ಪ್ರತಿ ಮನೆಯವರಿಗೂ ಅಪ್ಪನ ಅಗತ್ಯ ಬೀಳುತ್ತಿತ್ತು.

ಅಪ್ಪ ಸೊರಬದ ಪೇಟೆಯಲ್ಲಿ ತವರ ಕೊಳ್ಳುತ್ತಿದ್ದರು. ಅಂಗಡಿಯವನು ಎಷ್ಟೇ ಪರಿಚಯದವನಾಗಿರಲಿ, ಕಂಬಿಯನ್ನು ಮೊದಲು ಬಲಗಿವಿಗೆ, ಆಮೇಲೆ ಎಡಗಿವಿಗೆ ಹಿಡಿದು ಬಗ್ಗಿಸಿ ನೋಡದೆ ಚೀಲಕ್ಕೆ ಹಾಕಿದವರಲ್ಲ. ಮೂವತ್ತು ವರ್ಷಗಳ ಕಸುಬಿನಲ್ಲಿ ಅವರು ಕಿವಿಗೆ ಹಿಡಿಯದೆ ಸ್ವೀಕರಿಸಿದ ತವರ ಒಂದೇ ಒಂದು ಬಾರಿಯದು. ಅದನ್ನು ಅವರಿಗೆ ಕೊಟ್ಟ ಮನುಷ್ಯ ಈಗ ಬದುಕಿಲ್ಲ. ಸತ್ತವರ ವಿಷಯದಲ್ಲಿ ಮೃದುವಾಗಿ ಬರೆಯುವುದು ಶಿಷ್ಟಾಚಾರವೆಂದು ನಾನು ಬಲ್ಲೆ. ಆದರೆ ಕ್ಷಮಿಸಿದವನ ಧಾಟಿಯಲ್ಲಿ ಬರೆಯಲು ನನಗೆ ಸಾಧ್ಯವಾಗದು, ಏಕೆಂದರೆ ನಾನು ಕ್ಷಮಿಸಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಹೊಸ ಪೈಸೆ ಚಲಾವಣೆಗೆ ಬಂದಿದ್ದರೂ ಸಂತೆಯಲ್ಲಿ ಜನ ಇನ್ನೂ ಆಣೆಯಲ್ಲಿಯೇ ಮಾತನಾಡುತ್ತಿದ್ದರು. ಶಿಕಾರಿಪುರದ ನಮ್ಮ ಕ್ರೈಸ್ತ ಸಭೆ ಬಹಳ ಚಿಕ್ಕದು. ಹೆಚ್ಚಿನವರು ಕೂಲಿಯವರು, ಉಳಿದವರು ಕೈಕಸುಬಿನವರು. ಸಭೆಯ ಅಯ್ಯನವರು ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಆರಾಧನೆ ನಡೆಸಲು ಬರುತ್ತಿದ್ದರು. ಬಡವರ ಸಣ್ಣ ವ್ಯಾಪಾರಗಳಿಗೆ ಸಭೆ ನೆರವಾಗಬೇಕೆಂಬುದು ಅವರ ಆಲೋಚನೆ. ಹಣ ಕೊಟ್ಟರೆ ಕರಗುತ್ತದೆಂದು ಹಣ ಕೊಡದೆ, ಕಸುಬಿಗೆ ಬೇಕಾದ ಉಪಕರಣವನ್ನೋ ಸಾಮಗ್ರಿಯನ್ನೋ ಕೊಡುವುದೆಂದು ನಿಶ್ಚಯವಾಯಿತು. ಹಾಗೆ ಕೊಟ್ಟ ಪ್ರತಿಯೊಂದು ವಸ್ತುವಿನ ಮೇಲೂ ಕೆಂಪು ಬಣ್ಣದಲ್ಲಿ ಒಂದು ಸಣ್ಣ ಶಿಲುಬೆಯ ಗುರುತು ಇರುತ್ತಿತ್ತು. ನಮ್ಮ ಓಣಿಯಲ್ಲಿ ಮಂಡಕ್ಕಿ ಹುರಿಯುತ್ತಿದ್ದ ಒಬ್ಬ ಅಜ್ಜಿಗೆ ದೊಡ್ಡ ಕಬ್ಬಿಣದ ಬಾಣಲೆ ಸಿಕ್ಕಿತು. "ಬಾಣ್ಲೆ ಮ್ಯಾಲೆ ಶಿಲುಬೆ ಐತೆ, ಇನ್ನು ಮಂಡಕ್ಕಿ ಸೀದ್ರೆ ನನ್ನ ತಪ್ಪಲ್ಲ" ಎಂದು ಅಜ್ಜಿ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಳು.

ಅಪ್ಪನ ಪರವಾಗಿ ಅರ್ಜಿ ಬರೆದುಕೊಟ್ಟವನು ನಾನು. ಆಗ ಮೈಸೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ಕ್ರಿಸ್‌ಮಸ್ ರಜೆಗೆ ಬಂದಿದ್ದೆ. ಅಪ್ಪನ ಹಳೆಯ ತಿದಿಯ ತೊಗಲು ಸೀಳಿ, ಗಾಳಿ ಬೆಂಕಿಗೆ ಹೋಗುವ ಬದಲು ಅವರ ಮೊಣಕಾಲಿಗೆ ಬೀಸುತ್ತಿತ್ತು. 'ಒಂದು ತಿದಿ ಹಾಗೂ ಕಾರ್ಯಾರಂಭಕ್ಕೆ ಅಗತ್ಯವಾದ ತವರ' ಎಂದು ಬರೆದು, ಕಾಗುಣಿತ ತಪ್ಪಿದೆಯೇ ಎಂಬ ಅಳುಕಿನಿಂದ ಮೂರು ಸಲ ಪ್ರತಿ ತೆಗೆದೆ. ನಮ್ಮ ವಂಶದಲ್ಲಿ ಯಾರೂ ಅದುವರೆಗೆ ಅರ್ಜಿ ಬರೆದಿರಲಿಲ್ಲ. ಅಪ್ಪ ಬೇಡವೆಂದರು. "ಸೊರಬದಾಗೆ ನಾನೇ ತಂದ್ಕಂತೀನಿ ಬಿಡೋ" ಎಂದರು. ಹಟ ಹಿಡಿದು ಸಹಿ ಹಾಕಿಸಿದವನು ನಾನೇ. ಇದನ್ನು ಬಿಟ್ಟು ಮುಂದಿನದನ್ನು ಹೇಳಿದರೆ ಅಪ್ರಾಮಾಣಿಕತೆಯಾಗುತ್ತದೆ.

ತವರ ಕೊಂಡು ತರುವ ಹೊಣೆಯನ್ನು ಸಭೆಯ ಹಿರಿಯರೊಬ್ಬರು ವಹಿಸಿಕೊಂಡರು. ಶಿರಾಳಕೊಪ್ಪದಲ್ಲಿ ಅವರದು ಪಾತ್ರೆ ಮತ್ತು ಕಬ್ಬಿಣದ ಸಾಮಾನಿನ ಅಂಗಡಿ. ಉದ್ದ ಕೋಟು ಧರಿಸಿ ರುಮಾಲು ಸುತ್ತಿ ಅವರು ಮುಂದಿನ ಸಾಲಿನಲ್ಲಿ ಕುಳಿತರೆ ಹಿಂದಿನವರಿಗೆ ಅಯ್ಯನವರು ಕಾಣಿಸುತ್ತಿರಲಿಲ್ಲ. ಎಲ್ಲರೂ ಅವರನ್ನು ಯಜಮಾನರೆಂದೇ ಕರೆಯುತ್ತಿದ್ದರು.

ಈಸ್ಟರಿಗೆ ನಾನು ಮೈಸೂರಿನಿಂದ ಬಂದಿದ್ದೆ. ಆ ಭಾನುವಾರ ಪರಿಶುದ್ಧ ಮೇಜಿನ ಮೇಲೆ ಹೊಸ ತಿದಿಯನ್ನೂ ಮೂರು ತವರದ ಕಂಬಿಗಳನ್ನೂ ಇಟ್ಟರು. ಅಯ್ಯನವರು ಅವುಗಳ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಯಜಮಾನರು ಎತ್ತಿಕೊಟ್ಟರು. ಅಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿ, ಬಿಳಿಯ ಬಟ್ಟೆಯಲ್ಲಿ ಸುತ್ತಿದರು. ಮನೆಗೆ ನಡೆಯುವಾಗ ನಾನು ಕೇಳಿದೆ.

"ಅಪ್ಪ, ಬಗ್ಗಿಸಿ ನೋಡ್ಲೇ ಇಲ್ಲ?"

"ಪ್ರಾರ್ಥನೆ ಮಾಡಿ ಕೊಟ್ಟಿದ್ದನ್ನ ಕಿವಿಗೆ ಹಿಡಿದು ನೋಡೋದೇನೋ? ದೇವ್ರನ್ನೇ ಪರೀಕ್ಷೆ ಮಾಡಿದಂಗಾಗ್ತದೆ. ಅಯ್ಯನೋರು ಏನು ತಿಳ್ಕಂಬೇಕು?"

ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಗಿತ್ತು. ಎಲ್ಲರ ಎದುರಿಗೆ ಅಪ್ಪ ಸಂತೆಯಲ್ಲಿ ಮಾಡಿದಂತೆ ಕಂಬಿಯನ್ನು ಕಿವಿಗೆ ಹಿಡಿದುಬಿಟ್ಟಾರೆಂದು ನಾನು ಆರಾಧನೆಯುದ್ದಕ್ಕೂ ಬೆವರಿದ್ದೆ.

ಮುಂದಿನ ತಿಂಗಳು ಸೊರಬದ ಕಡೆ ಕುಪ್ಪಗಡ್ಡೆಯಲ್ಲಿ ಒಂದು ಜಮೀನ್ದಾರ ಮನೆಯ ಮದುವೆಗೆ ಕರೆ ಬಂತು. ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದ ನಾನು ತಿದಿ ಒತ್ತಲು ಜೊತೆಗೆ ಹೋದೆ. ಎರಡು ಕೊಪ್ಪರಿಗೆ, ನಾಲ್ಕು ಹಂಡೆ, ಎಣಿಕೆಗೆ ಸಿಗದಷ್ಟು ತಪ್ಪಲೆ. ಕಾದ ಪಾತ್ರೆಗೆ ನವಸಾಗರದ ಪುಡಿ ಹಾಕಿ, ತವರ ಸವರಿ, ಅರಳೆಯಿಂದ ಒಂದೇ ಬೀಸಿಗೆ ಒರೆಸಿದಾಗ ಒಳಮೈ ಕನ್ನಡಿಯಾಗುತ್ತಿತ್ತು. ಎರಡನೆಯ ದಿನ ಅಪ್ಪ ಅರಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಕರ್ರಗಾಗ್ತಾ ಐತೆ. ಪಾತ್ರೆ ಭಾಳ ಹಳೇವು" ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಕಂಬಿ ಯಾಕೋ ಭಾರ" ಎಂದರು. ಆದರೂ ಬಗ್ಗಿಸಿ ನೋಡಲಿಲ್ಲ. ಶಿಲುಬೆಯ ಗುರುತು ಅವರ ಕೈ ತಡೆದಿತ್ತು.

ಮದುವೆಯ ದಿನ ಊಟಕ್ಕೆ ಇರಬೇಕೆಂದು ಮನೆಯವರೇ ಹೇಳಿದ್ದರಿಂದ ನಾವು ಚಪ್ಪರದ ಅಂಚಿನಲ್ಲಿ ಕುಳಿತಿದ್ದೆವು. ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಮನೆಯ ಯಜಮಾನಿತಿ ಒಂದು ಬಿಳಿಯ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಹೊರಗೆ ಬಂದರು.

"ಎಂಥಾ ಕಲಾಯಿ ಮಾರಾಯ ಇದು? ಕೊಪ್ಪರಿಗೆ ಒರೆಸಿದ ಬಟ್ಟೆ ನೋಡು. ಒಲೆ ಒರೆಸಿದ ಹಾಗಿದೆ. ಹುಳಿಸಾರಿನ ಅಂಚೆಲ್ಲ ಕಪ್ಪು. ಸೀಸ ಹಚ್ಚಿದ್ದೀಯಾ?"

ಅಪ್ಪ ಎದ್ದು ನಿಂತರು. "ಇಲ್ಲಮ್ಮ" ಎಂದರು.

"ಇಲ್ಲ ಅಂತೆ! ಬೀಗರ ಎದುರಿಗೆ ನನ್ನ ಮರ್ಯಾದೆ ತೆಗ್ದೆಯಲ್ಲ."

ಸಾರನ್ನೆಲ್ಲ ಹಿತ್ತಿಲ ಗೊಬ್ಬರದ ಗುಂಡಿಗೆ ಸುರಿದರು. ಗಂಡಿನ ಕಡೆಯವರೊಬ್ಬರು ಎಲೆಯ ಮುಂದೆ ಕುಳಿತೇ, "ಹೆಣ್ಣಿನ ಮನೇಲಿ ಬರೀ ಅನ್ನ ಮಜ್ಜಿಗೇನಾ? ಹೊಟ್ಟೆ ಕೆಟ್ಟವರಿಗೆ ಪಥ್ಯ ಇದ್ದ ಹಾಗಾಯ್ತು" ಎಂದರು. ಪಂಕ್ತಿಯೆಲ್ಲ ನಕ್ಕಿತು. ಅಪ್ಪ ಚೀಲದಿಂದ ಉಳಿದಿದ್ದ ಮೂರನೆಯ ಕಂಬಿಯನ್ನು ತೆಗೆದು, ಬಟ್ಟೆ ಬಿಚ್ಚಿ, ಬಲಗಿವಿಗೆ ಹಿಡಿದು ಬಗ್ಗಿಸಿದರು. ಎಡಗಿವಿಗೆ ಹಿಡಿದು ಬಗ್ಗಿಸಿದರು. ಆಮೇಲೆ ನನ್ನ ಕಿವಿಗೆ ಹಿಡಿದರು. ಏನೂ ಇಲ್ಲ. ಹಸಿ ಜೇಡಿಮಣ್ಣು ಬಗ್ಗಿದ ಹಾಗೆ ಬಗ್ಗಿತು. ಅವರು ಕಂಬಿಯನ್ನು ನೆಟ್ಟಗೆ ಮಾಡಿ, ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಸೊರಬದವರೆಗೆ ನಡೆದೆವು.

ದೂರು ನಮಗಿಂತ ಮೊದಲೇ ಶಿಕಾರಿಪುರ ಮುಟ್ಟಿತ್ತು. ಆ ಭಾನುವಾರ ಅಯ್ಯನವರಿರಲಿಲ್ಲ, ಯಜಮಾನರೇ ಆರಾಧನೆ ನಡೆಸಿ, ಮುಗಿದ ಮೇಲೆ ಎಲ್ಲರನ್ನೂ ಕೂರಿಸಿಕೊಂಡರು. ಅಪ್ಪನನ್ನು ಮಾತ್ರ ನಿಲ್ಲಿಸಿದರು.

"ಸಭೆ ಕೊಟ್ಟಿದ್ದ ಒಳ್ಳೆ ತವರ ಎಲ್ಲಿ ಮಾರ್ಕಂಡಿ? ಮದುವೆ ಮನಿ ಪಾತ್ರೆಗೆ ಸೀಸ ಬಳ್ದು ಬಂದೀಯಲ್ಲ, ಯೇಸುಸ್ವಾಮಿ ಹೆಸರು ಏನಾಗ್ಬೇಕು?"

"ತವರ ನೀವು ಕೊಟ್ಟಿದ್ದೇ, ಯಜಮಾನ್ರೇ. ಬ್ಯಾರೆ ಹಚ್ಚಿಲ್ಲ."

"ಅಂದ್ರೆ? ಪರಿಶುದ್ಧ ಮೇಜಿನ ಮ್ಯಾಲೆ ಸೀಸ ಇಟ್ಟಿದ್ವಿ ಅಂತೀಯೇನು? ಅನ್ನು, ಎಲ್ರ ಮುಂದೆ ಅನ್ನು."

ಹೌದೆಂದು ಹೇಳುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಪದವಿ ಪರೀಕ್ಷೆ ಬರೆದು ಬಂದಿದ್ದ ನನಗೂ ಇರಲಿಲ್ಲ. ತಿದಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದೂ, ಸುಗ್ಗಿಹಬ್ಬದ ದಿನ ಸಭೆಯ ಎದುರಿಗೆ ಅಪ್ಪನ ತಪ್ಪನ್ನು ಓದಿಹೇಳಿ ಅದನ್ನು ಬೇರೊಬ್ಬ ಯೋಗ್ಯನಿಗೆ ಕೊಡುವುದೆಂದೂ ತೀರ್ಮಾನವಾಯಿತು. ಆ ಮಾತು ಊರಲ್ಲಿ ಹರಡಿ, ಒಂದು ಲೋಟವನ್ನೂ ಯಾರೂ ಕಲಾಯಿಗೆ ತರಲಿಲ್ಲ. ಮಳೆಗಾಲವಿಡೀ ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಕುಳಿತು ಕೊಡೆ ರಿಪೇರಿ ಮಾಡಿದರು. ಸುಗ್ಗಿಹಬ್ಬದೊಳಗೆ ಸತ್ಯ ಹೊರಬೀಳದಿದ್ದರೆ ಅವರ ಕಸುಬು ಮುಗಿದಂತೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಫಲಿತಾಂಶ ಬಂತು, ನಾನು ಉತ್ತೀರ್ಣನಾಗಿದ್ದೆ. ಸೊರಬದ ಪ್ರೌಢಶಾಲೆಯ ಉಪಾಧ್ಯಾಯ ಹುದ್ದೆಗೆ ಅರ್ಜಿ ಹಾಕಲು ಸಭೆಯ ಹಿರಿಯರಿಂದ ನಡತೆಯ ಪ್ರಮಾಣಪತ್ರ ಬೇಕಾಗಿತ್ತು. ಅದನ್ನು ನೆಪ ಮಾಡಿಕೊಂಡು, ಮೂರನೆಯ ಕಂಬಿಯನ್ನು ಚೀಲದಲ್ಲಿಟ್ಟುಕೊಂಡು ಶಿರಾಳಕೊಪ್ಪಕ್ಕೆ ಯಜಮಾನರ ಅಂಗಡಿಗೆ ಹೋದೆ. ಸಂತೆಯ ದಿನ. ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು. ಎದುರಿನ ಬೆಂಚಿನ ಮೇಲೆ ಅವರ ರುಮಾಲು ಇತ್ತು. ನಾನು ಬೆಂಚಿನ ಹತ್ತಿರ ಹೋಗಿ ನಿಂತೆ. ಅವರು ರುಮಾಲನ್ನು ತೆಗೆಯಲಿಲ್ಲ.

"ಏನಪ್ಪಾ, ಡಿಗ್ರಿ ಆತಂತೆ?"

"ಆಯ್ತು, ಯಜಮಾನ್ರೇ."

"ಕಲಾಯಿಯವನ ಮಗ ಬಿ.ಎಸ್ಸಿ.! ಇನ್ನು ಯಾರು ಇದ್ಲು ಊದ್ತಾರೋ?" ಎಂದು ಗಿರಾಕಿಗಳ ಕಡೆ ನೋಡಿ ನಕ್ಕರು. ಅವರೂ ನಕ್ಕರು.

ನಾನು ಕಂಬಿಯನ್ನು ತೆಗೆದು, ಶಿಲುಬೆಯ ಗುರುತು ಕಾಣುವಂತೆ ಮೇಜಿನ ಮೇಲಿಟ್ಟೆ. "ಇದರಲ್ಲಿ ಸೀಸ ಇದೆ. ಇದು ನೀವು ಕೊಟ್ಟ ಕಂಬಿ" ಎಂದೆ. ಪುಸ್ತಕದ ಭಾಷೆಯಲ್ಲಿ, ತಪ್ಪಿಲ್ಲದೆ, ಅಂದುಕೊಂಡಿದ್ದ ಹಾಗೆಯೇ ಹೇಳಿದೆ.

ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆದರೆ ಕೈ ತಟ್ಟನೆ ಮುಂದೆ ಬಂದು ಕಂಬಿಯ ಮೇಲೆ ಕುಳಿತಿತು. ನಾನು ಎಳೆದುಕೊಂಡೆ. ಆ ಕ್ಷಣದವರೆಗೆ, ಅಂಗಡಿಗೆ ಸರಕು ಕೊಡುವ ದಾವಣಗೆರೆಯ ಯಾವನೋ ವರ್ತಕ ಅವರಿಗೂ ಮೋಸ ಮಾಡಿರಬಹುದೆಂದು ನಾನು ಮನಸ್ಸಿನಲ್ಲಿ ಜಾಗ ಇಟ್ಟಿದ್ದೆ. ಮೋಸ ಹೋದವನ ಕೈ ಅಷ್ಟು ಬೇಗ ಬರುವುದಿಲ್ಲ. ಒಳ್ಳೆಯ ತವರವನ್ನು ತಮ್ಮ ಅಂಗಡಿಗೆ ಇಟ್ಟುಕೊಂಡು, ಸೀಸ ಸೇರಿಸಿ ಎರಕ ಹೊಯ್ಸಿ, ದೇವರ ಮೇಜಿನ ಮೇಲೆ ಇಟ್ಟವರು ಅವರೇ.

"ಗುರುತು ಯಾರು ಬೇಕಾದ್ರೂ ಬಳೀಬೌದು. ಕೆಂಪು ಬಣ್ಣ ನನ್ನ ಅಂಗಡೀಲೇ ಸಿಗ್ತದೆ, ಬೇಕಾದ್ರೆ ತಗಂಡ್ಹೋಗು" ಎಂದರು. ಪ್ರಮಾಣಪತ್ರಕ್ಕೆಂದು ನಾನು ಮುಂದಿಟ್ಟಿದ್ದ ಹಾಳೆಯನ್ನು ಓದದೆಯೇ ನನ್ನ ಕಡೆ ತಳ್ಳಿದರು. "ನಡತೆ ಅಂತ ಕೇಳ್ತೀಯಲ್ಲ, ನಿಮ್ಮಪ್ಪನ್ನ ನೋಡಿದ ಮ್ಯಾಲೆ ಏನಂತ ಬರೀಲಿ?"

ಹಿಂದಿರುಗುವ ಬಸ್ಸಿನಲ್ಲಿ ನಾನು ಅತ್ತೆ. ಅಳುತ್ತಲೇ ಯೋಚಿಸಿದೆ. ನಾವು ಏನು ತೋರಿಸಿದರೂ ನಾವೇ ಮಾಡಿದ್ದೆಂದು ಹೇಳುತ್ತಾರೆ. ಆದ್ದರಿಂದ ಅವರ ತಪ್ಪನ್ನು ಅವರೇ ತೋರಿಸಬೇಕು, ಅದೂ ಎಲ್ಲರ ಎದುರಿಗೆ. ಅಲ್ಲಿಂದ ಮುಂದಿನ ನಾಲ್ಕೈದು ತಿಂಗಳು ನನಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ಬೈಬಲು ಓದುವಾಗಲೂ ಶತ್ರುಗಳು ನಾಶವಾಗುವ ಭಾಗಗಳನ್ನೇ ಹುಡುಕಿ ಓದುತ್ತಿದ್ದೆ.

ನಮ್ಮ ಸುಗ್ಗಿಹಬ್ಬದ ಪದ್ಧತಿಯನ್ನು ಇಲ್ಲಿ ಹೇಳಬೇಕು. ಕೊಯ್ಲು ಮುಗಿದ ಮೇಲಿನ ಒಂದು ಭಾನುವಾರ ಪ್ರತಿಯೊಬ್ಬರೂ ತಮ್ಮ ದುಡಿಮೆಯ ಒಂದು ವಸ್ತುವನ್ನು ತಂದು ಪರಿಶುದ್ಧ ಮೇಜಿನ ಮುಂದೆ ಇಡುತ್ತಾರೆ. ಭತ್ತ, ಕುಂಬಳಕಾಯಿ, ಕೋಳಿ, ಹೆಣೆದ ಬುಟ್ಟಿ, ಏನಾದರೂ ಸರಿ. ಆರಾಧನೆಯ ನಂತರ ಅವುಗಳನ್ನು ಅಂಗಳದಲ್ಲಿ ಸವಾಲು ಕೂಗಿ ಹರಾಜು ಹಾಕುತ್ತಾರೆ. ಬಂದ ಹಣ ಸಭೆಗೆ. ಒಂದು ನಿಂಬೆಹಣ್ಣು ಭಕ್ತಿಯಿಂದಲೋ ಜಿದ್ದಿನಿಂದಲೋ ಹತ್ತು ಪಟ್ಟು ಬೆಲೆಗೆ ಹೋಗುವುದುಂಟು. ಒಂದು ನಿಯಮವನ್ನು ಮಾತ್ರ ಎಲ್ಲರೂ ಪಾಲಿಸುತ್ತಿದ್ದರು: ದೇವರ ಮುಂದೆ ಇಟ್ಟದ್ದನ್ನು ಹರಾಜಾಗುವವರೆಗೆ ಯಾರೂ ಮುಟ್ಟಿ, ತಟ್ಟಿ ನೋಡಕೂಡದು. ಕೊಂಡವನಿಗೆ ಮಾತ್ರ ಆ ಹಕ್ಕು. ಇನ್ನೊಂದು, ಸವಾಲಿನಲ್ಲಿ ಯಾರ ಬಾಯನ್ನೂ ಮುಚ್ಚಿಸುವಂತಿಲ್ಲ. ಕೂಲಿಯವನ ಕೂಗಿಗೂ ಯಜಮಾನರ ಕೂಗಿಗೂ ಅಲ್ಲಿ ಒಂದೇ ತೂಕ.

ಆ ಭಾನುವಾರ ನಾನು ಮೂರನೆಯ ಕಂಬಿಯನ್ನು, ಈಸ್ಟರ್ ದಿನ ಸುತ್ತಿದ್ದ ಅದೇ ಬಟ್ಟೆಯ ಮೇಲೆ, ಕೆಂಪು ಶಿಲುಬೆ ಮೇಲ್ಮುಖವಾಗಿರುವಂತೆ, ಮಂಡಕ್ಕಿ ಅಜ್ಜಿಯ ಮೊರದ ಪಕ್ಕದಲ್ಲಿ ಇಟ್ಟೆ. ಅಪ್ಪನಿಗೆ ಹೇಳಿರಲಿಲ್ಲ. ಅವರು ದೂರದಿಂದ ನೋಡಿದರು, ಮತ್ತೆ ಪ್ರಾರ್ಥನೆಗೆ ತಲೆ ತಗ್ಗಿಸಿದರು. ಯಜಮಾನರೂ ನೋಡಿದರು. ಅವರು ತಲೆ ತಗ್ಗಿಸಲಿಲ್ಲ. ತಿದಿ ಗೋಡೆಗೆ ಒರಗಿಕೊಂಡಿತ್ತು. ಹರಾಜಿನ ನಂತರ ಅದರ ವಿಲೇವಾರಿ ಎಂದು ಅಯ್ಯನವರು ಪ್ರಕಟಿಸಿದರು.

ಅಯ್ಯನವರೇ ಸವಾಲು ಕೂಗುತ್ತಿದ್ದರು. ಕೋಳಿ ಹೋಯಿತು, ಕುಂಬಳ ಹೋಯಿತು. ಕಂಬಿಯ ಸರದಿ ಬಂದಾಗ ಅವರು ಅದನ್ನು ಬಟ್ಟೆಸಮೇತ ಎತ್ತಿ, "ಇದೇನು, ತವರ! ನಮ್ಮ ಸಭೆಯ ಗುರುತೂ ಇದೆ. ಯಾರು ಕೂಗ್ತೀರಿ?" ಎಂದರು.

"ನಾಲ್ಕಾಣೆ" ಎಂದೆ.

"ಎಂಟಾಣೆ" ಎಂದರು ಯಜಮಾನರು, ನನ್ನ ಮಾತು ಮುಗಿಯುವುದರೊಳಗೆ.

ಆ ಕಂಬಿ ನನ್ನ ಪಾಲಾದರೆ ಅಲ್ಲಿಯೇ ನಿಂತು ಬಗ್ಗಿಸುವ ಹಕ್ಕು ನನ್ನದಾಗುತ್ತದೆಂದು ಅವರಿಗೆ ತಿಳಿದಿತ್ತು. ತಮ್ಮ ಪಾಲಾದರೆ ಅದು ಕೋಟಿನ ಜೇಬಿಗೆ ಹೋಗಿ ಎಲ್ಲವೂ ಮುಗಿಯುತ್ತಿತ್ತು. ನಾನು ಏರಿಸಿದೆ, ಅವರು ಏರಿಸಿದರು. ಮೊದಲು ಜನ ನಕ್ಕರು. ಒಂದು ಹೊಸ ಹಂಡೆಯ ಬೆಲೆ ದಾಟಿದಾಗ ನಗು ನಿಂತಿತು. ನನ್ನ ಜೇಬಿನಲ್ಲಿ ಸೊರಬಕ್ಕೆ ಹೋಗಿಬರುವ ಬಸ್ ಚಾರ್ಜು ಬಿಟ್ಟರೆ ಏನೂ ಇರಲಿಲ್ಲ. ಅವರು ಒಂದೇ ಒಂದು ಸಲ ಸುಮ್ಮನಾಗಿದ್ದರೂ ದೇವರ ಅಂಗಳದಲ್ಲಿ ಸುಳ್ಳು ಕೂಗಿದವನೆಂದು ನಾನು ಮುಖ ಮುಚ್ಚಿಕೊಳ್ಳಬೇಕಾಗಿತ್ತು. ಆದರೂ ಅಂಗಡಿಯ ಬೆಂಚನ್ನೂ ಅದರ ಮೇಲಿದ್ದ ರುಮಾಲನ್ನೂ ನೆನೆಸಿಕೊಂಡು ಪ್ರತಿ ಸಲವೂ ಏರಿಸಿದೆ.

"ಒಂದು ಚೀಲ ಭತ್ತದ ಬೆಲೆ ಆಯ್ತಲ್ರೀ" ಎಂದು ಅಯ್ಯನವರೇ ಕೂಗುವುದನ್ನು ನಿಲ್ಲಿಸಿ ಅಚ್ಚರಿಪಟ್ಟರು. "ಇಷ್ಟುದ್ದ ಕಂಬಿಗೆ?"

ಮಂಡಕ್ಕಿ ಅಜ್ಜಿ, ಹರಾಜಾಗಿ ಖಾಲಿಯಾಗಿದ್ದ ತನ್ನ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿಯೇ ಹೇಳಿದಳು: "ಯಜಮಾನ್ರ ಅಂಗ್ಡಿ ತುಂಬಾ ತವರ ಐತೆ. ಇದ್ರಾಗೇನು ಬಂಗಾರ ಇಟ್ಟು ಎರಕ ಹೊಯ್ದಾರೇನು?"

ಯಾರೂ ನಗಲಿಲ್ಲ. ಎಲ್ಲರೂ ಯಜಮಾನರ ಕಡೆ ನೋಡಿದರು. ಅವರು ಬೆವರುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೆ. ಅಯ್ಯನವರು "ಒಂದು ಸಾರಿ, ಎರಡು ಸಾರಿ, ಮೂರು ಸಾರಿ" ಎಂದರು. ಕಂಬಿ ಯಜಮಾನರದಾಯಿತು. ಅವರು ಎದ್ದು ಹೋಗಿ ಅದನ್ನು ತೆಗೆದುಕೊಂಡು ಜೇಬಿನ ಕಡೆ ಕೈ ಒಯ್ದರು.

ಅಷ್ಟರಲ್ಲಿ ಅಪ್ಪ ಎದ್ದರು. ಇದನ್ನು ನಾನು ಯೋಜಿಸಿರಲಿಲ್ಲ. ಬೆಲೆಯೇ ಸಾಕ್ಷಿಯಾಗುತ್ತದೆ, ಮುಂದಿನದನ್ನು ನಾನೇ ಎದ್ದು ಶುದ್ಧ ಭಾಷೆಯಲ್ಲಿ ವಿವರಿಸಬೇಕೆಂದು ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವು ಉಳಿದೇಹೋದವು. ಅಪ್ಪ ನಿಧಾನವಾಗಿ ಮುಂದೆ ಬಂದು ಯಜಮಾನರ ಎದುರಿಗೆ ನಿಂತರು.

"ಯಜಮಾನ್ರೇ, ಕೊಂಡ್ಕಂಡವ್ರು ನೀವು. ಮುಟ್ಟೋ ಹಕ್ಕು ನಿಮ್ದೇ. ನಾನು ಆವತ್ತೂ ಬಗ್ಗಿಸ್ಲಿಲ್ಲ, ಇವತ್ತೂ ಬಗ್ಗಿಸಲ್ಲ. ನೀವೇ ಬಗ್ಗಿಸ್ರಿ. ಅಯ್ಯನೋರ ಕಿವಿ ಹತ್ರ ಹಿಡ್ದು ಬಗ್ಗಿಸ್ರಿ."

"ಏನಕ್ಕೆ? ನನಗೇನು ಹುಚ್ಚೇ?"

"ಬಗ್ಗಿಸ್ರಿ ಅಂದೆ" ಎಂದರು ಅಪ್ಪ. ಅವರು ಯಾರಿಗಾದರೂ ಆಜ್ಞೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಯ್ಯನವರು ಒಬ್ಬರ ಮುಖವನ್ನು ನೋಡಿ ಇನ್ನೊಬ್ಬರ ಮುಖವನ್ನು ನೋಡಿದರು. ಆಮೇಲೆ ಏನನ್ನೂ ಕೇಳದೆ ತಲೆ ವಾಲಿಸಿ ಕಿವಿ ಕೊಟ್ಟರು. ಅಷ್ಟು ಜನರ ಎದುರಿಗೆ ಅಯ್ಯನವರು ಕಿವಿ ಕೊಟ್ಟು ಕಾಯುತ್ತಿರುವಾಗ ಯಜಮಾನರಿಗೆ ಬೇರೆ ದಾರಿ ಇರಲಿಲ್ಲ. ಬಗ್ಗಿಸಿದರು. ಅಂಗಳದಲ್ಲಿ ಹರಾಜಾದ ಕೋಳಿಯೊಂದು ಕೊಕ್ಕರಿಸಿದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಅಪ್ಪ ತಮ್ಮ ಅಂಗಿಯ ಜೇಬಿನಿಂದ ಹೆಬ್ಬೆರಳಿನುದ್ದದ ಒಂದು ಚೂರು ತೆಗೆದರು. ಸೊರಬದಲ್ಲಿ ಕೊಂಡ ಹಳೆಯ ತವರ. ಅದನ್ನು ಅವರು ಅಷ್ಟು ತಿಂಗಳೂ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರೆಂಬುದು ನನಗೂ ಗೊತ್ತಿರಲಿಲ್ಲ. ಅಯ್ಯನವರ ಅದೇ ಕಿವಿಗೆ ಹಿಡಿದು ಬಗ್ಗಿಸಿದರು. ಅಯ್ಯನವರು ಬೆಚ್ಚಿ ತಲೆ ಎತ್ತಿದರು.

"ಇದು ಕೂಗ್ತು" ಎಂದರು.

"ತವರ ಆಗಿದ್ರೆ ಕೂಗ್ತದೆ, ಅಯ್ಯನೋರೇ" ಎಂದರು ಅಪ್ಪ.

ಆಮೇಲೆ ಕಂಬಿಯೂ ಚೂರೂ ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ ಹೋದವು. ಅಂಗಳದಲ್ಲಿ ಸಾಲಾಗಿ ಕುಳಿತ ಜನ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಮಂಡಕ್ಕಿ ಅಜ್ಜಿಗೆ ಕಿವಿ ಮಂದವಾದ್ದರಿಂದ ಹಲ್ಲಿನ ನಡುವೆ ಕಚ್ಚಿ ಬಗ್ಗಿಸಿದಳು. "ಇದು ಹಲ್ಲಿಗೆ ಕೇಳಿಸ್ತು. ಇದು ಕೇಳಿಸ್ಲಿಲ್ಲ. ಥೂ!" ಎಂದು ಯಜಮಾನರ ಕಾಲ ಬುಡಕ್ಕೇ ಉಗಿದಳು. ನನ್ನ ಜೀವನದಲ್ಲಿ ನಾನು ಅನೇಕ ಸಮಾರಂಭಗಳನ್ನು ನೋಡಿದ್ದೇನೆ. ಇದಕ್ಕಿಂತ ಚೆಲುವಾದುದನ್ನು ನೋಡಿಲ್ಲ.

ಅಯ್ಯನವರು ಗೋಡೆಯ ಹತ್ತಿರ ಹೋಗಿ ತಿದಿಯನ್ನು ತಾವೇ ಎತ್ತಿಕೊಂಡು ಬಂದು ಅಪ್ಪನ ಕೈಗೆ ಕೊಟ್ಟರು. ಪ್ರಾರ್ಥನೆ ಮಾಡಲು ಬಾಯಿ ತೆರೆದವರು ಮಾಡಲಿಲ್ಲ. "ಮೊದಲು ಒತ್ತಿ ನೋಡ್ರಿ" ಎಂದರು. ಅಪ್ಪ ಒತ್ತಿ ನೋಡಿದರು. ಗಾಳಿ ಸರಿಯಾಗಿ ಬರುತ್ತಿತ್ತು. ಮರುವಾರ ಅಯ್ಯನವರೇ ಅಪ್ಪನೊಡನೆ ಕುಪ್ಪಗಡ್ಡೆಗೆ ಹೋದರು. ಅಪ್ಪ ಆ ಮನೆಯ ಪಾತ್ರೆಗಳ ಹಳೆಯ ಲೇಪವನ್ನು ಸುಟ್ಟು ತೆಗೆದು, ಸೊರಬದಲ್ಲಿ ಎರಡೂ ಕಿವಿಗೆ ಹಿಡಿದು ಕೊಂಡ ತವರದಿಂದ ಮತ್ತೆ ಕಲಾಯಿ ಹಾಕಿದರು. ಯಜಮಾನಿತಿ ಬಿಳಿಯ ಬಟ್ಟೆಯಿಂದ ತಾವೇ ಒರೆಸಿ ನೋಡಿ, ಊಟಕ್ಕೆ ಎಲೆ ಹಾಕಿದರಂತೆ. ನನ್ನ ಪ್ರಮಾಣಪತ್ರವನ್ನು ಅಯ್ಯನವರೇ ಬರೆದುಕೊಟ್ಟರು. ಸೊರಬದಲ್ಲಿ ನನಗೆ ಕೆಲಸವಾಯಿತು.

ಯಜಮಾನರಿಗೆ ಮುಂದಿನ ಸಾಲು ತಪ್ಪಿತು, ಅಷ್ಟೆ. ಅವರ ಅಂಗಡಿಯೇನೂ ಮುಚ್ಚಲಿಲ್ಲ. ಅದು ನನಗೆ ಸಾಲದೆನಿಸಿತ್ತು. ಅಪ್ಪನಿಗೂ ಸಾಲದಾಗಿತ್ತೆಂದು ತಿಳಿದದ್ದು, ಎರಡು ತಿಂಗಳ ನಂತರ ಯಜಮಾನರ ಮನೆಯ ಆಳು ಒಂದು ಗೋಣಿ ತುಂಬಾ ಪಾತ್ರೆಗಳನ್ನು ಕಲಾಯಿಗೆಂದು ಹೊತ್ತು ತಂದಾಗ. ಅಪ್ಪ ಗೋಣಿಯ ಬಾಯನ್ನೂ ಬಿಚ್ಚಲಿಲ್ಲ.

"ಕಲಾಯಿ ಹಾಕ್ಕೊಡ್ತೀನಿ, ಅದ್ಕೇನು. ತವರ ಮಾತ್ರ ಅವ್ರದೇ ಆಗ್ಬೇಕು. ಸುಗ್ಗಿಹಬ್ಬದಾಗೆ ಕೊಂಡಾರಲ್ಲ, ಅದನ್ನ ಕಳ್ಸಾಕ್ ಹೇಳು" ಎಂದರು.

ಆ ಕಂಬಿ ಬರಲಿಲ್ಲ. ಗೋಣಿ ಹಿಂದಕ್ಕೆ ಹೋಯಿತು. ಯಾರು ಎಷ್ಟು ಹೇಳಿದರೂ, ಅಯ್ಯನವರು ಬಂದು ಕ್ಷಮೆಯ ಮಾತನ್ನು ಎತ್ತಿದಾಗಲೂ, ಅಪ್ಪ ಅದೊಂದೇ ಉತ್ತರ ಕೊಟ್ಟರು: "ನಾನು ಒಲ್ಲೆ ಅಂದಿಲ್ಲ, ಅಯ್ಯನೋರೇ. ತವರ ತರ್ಲಿ."

ಒಂದು ಸೋಮವಾರ ಬೆಳಿಗ್ಗೆ ನಾನು ಶಿಕಾರಿಪುರದಿಂದ ಸೊರಬದ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಉದ್ದ ಕೋಟಿನ ಯಜಮಾನರು ಗೋಣಿಚೀಲವನ್ನು ಎಳೆದುಕೊಂಡು ಹತ್ತಿದರು. ಪಾತ್ರೆ ಹೊರುವ ಆಳು ಕೈಬಿಟ್ಟಿದ್ದನೋ, ಹೆಂಡತಿ ಹೋಗೆಂದು ಅಟ್ಟಿದ್ದರೋ, ನನಗೆ ತಿಳಿಯದು. ಚೀಲ ಗಡಗಡ ಸದ್ದು ಮಾಡಿತು. ಕಂಡಕ್ಟರ್ ಅದಕ್ಕೂ ಲಗೇಜು ಟಿಕೆಟ್ ಹರಿದ.

"ಎಲ್ಲಿಗ್ರೀ ಸಾವ್ಕಾರ್ರೇ, ಪಾತ್ರೆ ಹೊತ್ಕಂಡು?"

"ಸೊರಬಕ್ಕೆ. ಕಲಾಯಿಗೆ."

"ಅಯ್ಯೋ, ಶಿಕಾರಿಪುರದಾಗೆ ಎಷ್ಟು ಚಂದ ಹಾಕ್ತಾರಲ್ರೀ! ಅಷ್ಟು ದೂರ ಯಾಕೆ ಹೊರ್ತೀರಿ?"

ಯಜಮಾನರು ಚೀಲವನ್ನು ಒಳಕ್ಕೆ ತಳ್ಳಿದರು. ಬಸ್ಸಿನಲ್ಲಿ ಖಾಲಿಯಿದ್ದ ಜಾಗ ಒಂದೇ, ನನ್ನ ಪಕ್ಕದ್ದು. ಅದರ ಮೇಲೆ ನನ್ನ ಕೊಡೆಯೂ ತಿದ್ದಬೇಕಾದ ಉತ್ತರಪತ್ರಿಕೆಗಳೂ ಇದ್ದವು. ಅವರು ಆ ಜಾಗವನ್ನು ನೋಡಿದರು, ನನ್ನನ್ನು ನೋಡಿದರು. ನಾನು ವಿನಯದಿಂದ ನಮಸ್ಕಾರ ಮಾಡಿದೆ. ಕೊಡೆಯನ್ನು ತೆಗೆಯಲಿಲ್ಲ. ಸೊರಬದವರೆಗೆ ಅವರು ಸರಳು ಹಿಡಿದು ನಿಂತೇ ಬಂದರು.

ಶನಿವಾರ ಮನೆಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಅವರು ಒಂದು ಬೋಗುಣಿಯನ್ನು ಬೆಂಕಿಯ ಮೇಲೆ ತಿರುಗಿಸುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಹಂಡೇನೂ ಇತ್ತಾ?"

"ಇತ್ತು. ಸದ್ದು ಕೇಳಿಸ್ತು."

"ತಾಮ್ರದ ಹಂಡೆ ಅದು. ಭಾಳ ಭಾರ" ಎಂದು ಅಪ್ಪ ತೃಪ್ತಿಯಿಂದ ತಿದಿ ಒತ್ತಿದರು.